ಹೊಟ್ಟೆಯ ಹುಣ್ಣು, ನಳದ ನೀರು

ಎದೆ ಉರಿದರೆ ಖಾರ, ಹುಳಿತೇಗು ಬಂದರೆ ಮಿರ್ಚಿ, ಹೊಟ್ಟೆ ಉಬ್ಬಿದರೆ ರಾತ್ರಿ ತಡವಾಗಿ ಉಂಡ ಊಟ, ಇವ್ಯಾವೂ ಅಲ್ಲವೆಂದರೆ ಮನೆಯ ಚಿಂತೆ. ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಹೊಟ್ಟೆಯ ಕಾಯಿಲೆಗೆ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಾರಣಗಳಿವು. ಬ್ಯಾಡಗಿ ಮೆಣಸಿನಕಾಯಿ ಈ ನೆಲದಲ್ಲೇ ಬೆಳೆದು, ಇಲ್ಲಿನ ರೊಟ್ಟಿಯ ಪಕ್ಕದಲ್ಲೇ ಇದ್ದು, ಈ ಅಪವಾದವನ್ನು ಹೊತ್ತುಕೊಂಡೇ ಬಂದಿದೆ. ವೈದ್ಯರೂ ಬಹುಕಾಲ ಬೇರೇನೂ ಹೇಳಲಿಲ್ಲ. ಹಾಲು ಕುಡಿಯಿರಿ, ಮೆತ್ತಗಿನ ಅನ್ನ ಉಣ್ಣಿ, ಖಾರ ಬಿಡಿ, ಚಿಂತೆ ಬಿಡಿ ಎಂಬುದು ಅಲ್ಸರ್ ರೋಗಿಗೆ ಸಿಗುತ್ತಿದ್ದ ಉಪದೇಶ. 1995ರಲ್ಲಿ ಸಿಂಗಪುರದ ವೈದ್ಯರು ಹುಣ್ಣಿದ್ದವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿದರು. ಹೆಚ್ಚು ಮೆಣಸಿನಕಾಯಿ ತಿನ್ನುತ್ತಿದ್ದವರು ಹುಣ್ಣಿಲ್ಲದವರೇ. ಅಷ್ಟರಿಂದ ಖಾರ ಔಷಧವಾಗುವುದಿಲ್ಲ ನಿಜ, ಆದರೆ ಅದರ ಮೇಲಿನ ಆರೋಪ ನಿಲ್ಲುವುದಿಲ್ಲ.

ಹಾಗಾದರೆ ಹೊಟ್ಟೆಯನ್ನು ಕೆಡಿಸಿದ್ದು ಯಾವುದು? ಅದನ್ನು ಕಂಡುಕೊಳ್ಳಲು ಸುಮಾರು ನೂರು ವರ್ಷ ಬೇಕಾಯಿತು. ಆ ಹುಡುಕಾಟದ ಮುಖ್ಯ ಅಧ್ಯಾಯಗಳಲ್ಲಿ ಕೆಲವು ನಡೆದದ್ದು ದಕ್ಷಿಣ ಭಾರತದಲ್ಲಿ. ಒಂದು ಮೈಸೂರಿನಲ್ಲಿ, ಇನ್ನೊಂದು ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲೇ.

ಮೊದಲ ಅಧ್ಯಾಯ ತೆರೆಯುವುದು ತಿರುವಾಂಕೂರಿನ ದಕ್ಷಿಣ ತುದಿಯ ನೆಯ್ಯೂರಿನಲ್ಲಿ. ಥಿಯೋಡರ್ ಹೊವರ್ಡ್ ಸಾಮರ್ವೆಲ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ 1922ರಲ್ಲಿ ಎವರೆಸ್ಟ್ ಏರಲು ಬಂದವನು. ಆ ಪ್ರಯತ್ನ ಮುಗಿದ ಮೇಲೆ ದೇಶ ಸುತ್ತುತ್ತ ನೆಯ್ಯೂರಿನ ಮಿಷನ್ ಆಸ್ಪತ್ರೆಗೆ ಬಂದ. ಅಲ್ಲಿ ಚಿಕಿತ್ಸೆಗಾಗಿ ಕಾದಿದ್ದ ಜನರ ಸಾಲನ್ನು ಕಂಡು ತನ್ನ ಬದುಕನ್ನೇ ಆ ಊರಿಗೆ ಕೊಟ್ಟುಬಿಟ್ಟ. ಅವನ ಮುಂದೆ ಬಂದು ನಿಲ್ಲುತ್ತಿದ್ದ ರೋಗಗಳಲ್ಲಿ ಡುವೊಡಿನಲ್ ಅಲ್ಸರ್ ಮುಖ್ಯವಾದದ್ದು. ಜಠರವನ್ನು ದಾಟಿದೊಡನೆ ಬರುವ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಏಳುವ ಹುಣ್ಣು ಅದು. ಹಸಿದಾಗ ಕೊರೆಯುವ ನೋವು, ಉಂಡರೆ ಸ್ವಲ್ಪ ಶಮನ, ವರ್ಷಗಳ ಮೇಲೆ ಗಾಯ ಕಟ್ಟಿ ದಾರಿಯೇ ಮುಚ್ಚಿ, ಉಂಡದ್ದೆಲ್ಲ ವಾಂತಿ. ಸಾಮರ್ವೆಲ್ ಮತ್ತು ಅವನ ಜೊತೆಗಾರ ಇಯಾನ್ ಓರ್ ಇಂಥ ರೋಗಿಗಳಿಗೆ ಸಾವಿರಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಅದೇ ಕಾಲಕ್ಕೆ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡುತ್ತಿದ್ದ. ಪಂಜಾಬಿನ ಊಟ ತಿಂದ ಇಲಿಗಳು ದಷ್ಟಪುಷ್ಟವಾಗಿದ್ದವು. ತಿರುವಾಂಕೂರಿನ ಮರಗೆಣಸಿನ ಊಟ ತಿಂದ ಇಲಿಗಳ ಜಠರದಲ್ಲಿ ಹುಣ್ಣುಗಳೆದ್ದವು.

ಊಟವೇ ಕಾರಣವಿರಬೇಕು ಎಂಬ ಅನುಮಾನ ಹೀಗೆ ಹುಟ್ಟಿತು. ಅದನ್ನು ಅತ್ಯಂತ ತಾಳ್ಮೆಯಿಂದ ಬೆನ್ನುಹತ್ತಿದವರು ಮೈಸೂರಿನಲ್ಲಿದ್ದರು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಲ್ಲಿ ಶುರುವಾದದ್ದು. 1950ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದ ಶಸ್ತ್ರವೈದ್ಯ ಫ್ರಾಂಕ್ ಟೋವಿ 1967ರವರೆಗೂ ಅಲ್ಲೇ ದುಡಿದರು. ಅಲ್ಸರ್ ರೋಗಿಗಳ ಹೊಟ್ಟೆ ತೆರೆದು ಮುಚ್ಚುವುದಷ್ಟಕ್ಕೇ ಅವರ ಕುತೂಹಲ ನಿಲ್ಲಲಿಲ್ಲ. ದಕ್ಷಿಣದಲ್ಲಿ ಇಷ್ಟೊಂದು ಹುಣ್ಣು, ಪಂಜಾಬು ರಾಜಸ್ಥಾನಗಳಲ್ಲಿ ಇಷ್ಟು ಕಡಿಮೆ, ಇದೇಕೆ ಎಂದು ಕೇಳಿಕೊಂಡರು. ದೇಶದ ಹಲವು ಆಸ್ಪತ್ರೆಗಳಿಂದ ಮಾಹಿತಿ ಕೂಡಿಹಾಕಿದರು. ಅವರು ಇಂಗ್ಲೆಂಡಿಗೆ ಮರಳಿದ ಮೇಲೆ, 1979ರಲ್ಲಿ, ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ನಕ್ಷೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಾಲಿಷ್ ಮಾಡಿದ ಅಕ್ಕಿ, ಮರಗೆಣಸು ಉಣ್ಣುವ ಪ್ರದೇಶಗಳಲ್ಲಿ ಹುಣ್ಣು ಹೆಚ್ಚು. ತೌಡು ತೆಗೆಯದ ಗೋಧಿ ಮತ್ತು ಕೆಲವು ಕಾಳುಗಳನ್ನು ಉಣ್ಣುವಲ್ಲಿ ಕಡಿಮೆ ಎಂದು ಆ ನಕ್ಷೆ ತೋರಿಸಿತು. ಮುಂದೆ ಎ. ಪಿ. ಜಯರಾಜ್ ಅವರೊಂದಿಗೆ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಜಠರವನ್ನು ಹುಣ್ಣಿನಿಂದ ಕಾಯುವ ಗುಣ ಕಂಡ ಕಾಳುಗಳಲ್ಲಿ ಒಂದು ನಮ್ಮ ಹುರುಳಿ. ಬಡವರ ಕಾಳೆಂದು ಪಕ್ಕಕ್ಕಿಟ್ಟ ಹುರುಳಿಯ ಎಣ್ಣೆಯಂಶದಲ್ಲಿ ಆ ಗುಣವಿದೆ ಎಂದು ಅವರು ತೋರಿಸಿದ್ದು ಕನ್ನಡದ ಅಡುಗೆಮನೆಗಳಿಗೆ ತಲುಪಬೇಕಾದ ಸುದ್ದಿಯಾಗಿತ್ತು. ತಲುಪಲಿಲ್ಲ.

ಆದರೆ ಆ ದಶಕಗಳ ನಿಜವಾದ ಕಥೆ ಇದ್ದದ್ದು ಆಪರೇಷನ್ ಥಿಯೇಟರಿನಲ್ಲಿ. ಆಮ್ಲವಿಲ್ಲದೆ ಹುಣ್ಣಿಲ್ಲ ಎಂದು ಯುರೋಪಿನ ಕಾರ್ಲ್ ಶ್ವಾರ್ಟ್ಸ್ 1910ರಲ್ಲಿ ಹೇಳಿದ್ದ ಮಾತು ಶಸ್ತ್ರವೈದ್ಯರಿಗೆ ಸೂತ್ರವಾಯಿತು. ಆಮ್ಲ ತಗ್ಗಿಸಬೇಕೆಂದರೆ ಜಠರದ ದೊಡ್ಡ ಭಾಗವನ್ನೇ ಕತ್ತರಿಸಿ ತೆಗೆಯಬೇಕು, ಇಲ್ಲವೆ ಆಮ್ಲ ಸುರಿಸುವಂತೆ ಆಜ್ಞೆ ಕೊಡುವ ವೇಗಸ್ ನರವನ್ನು ಕತ್ತರಿಸಬೇಕು. 1943ರಲ್ಲಿ ಷಿಕಾಗೋದ ಲೆಸ್ಟರ್ ಡ್ರಾಗ್‌ಸ್ಟೆಟ್ ಆ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದ. ಜಠರವನ್ನು ನೇರವಾಗಿ ಸಣ್ಣ ಕರುಳಿನ ನಡುಭಾಗಕ್ಕೆ ಹೊಲಿದು, ಹುಣ್ಣಾದ ಜಾಗವನ್ನು ಬದಿಗಿಡುವ ಜಿಜೆ ಎಂಬ ಜೋಡಣೆ ಇನ್ನೂ ಹಳೆಯದು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು, ಊರವರ ಕೆಎಂಸಿ, ಮುಂದಿನ ಕಿಮ್ಸ್, ಬಾಗಿಲು ತೆರೆದಾಗ ದೇಶದ ವೈದ್ಯ ವಿದ್ಯಾರ್ಥಿಗಳೆಲ್ಲ ಕಲಿಯುತ್ತಿದ್ದ ಪಾಠ ಇದೇ. ಹೊಟ್ಟೆಯ ಮೇಲೆ ಉದ್ದನೆಯ ಹೊಲಿಗೆಯ ಗುರುತಿರುವ ಹಿರಿಯರು ಈ ಸೀಮೆಯ ಮನೆಗಳಲ್ಲಿ ಇಂದಿಗೂ ಸಿಗುತ್ತಾರೆ.

ನೋವು ಹೋಯಿತು. ಬೇರೆ ತೊಂದರೆ ಶುರುವಾಯಿತು. ಶಸ್ತ್ರಚಿಕಿತ್ಸೆಯಾದ ಹಲವರಿಗೆ ಊಟವಾದೊಡನೆ ಹೊಟ್ಟೆ ಉಬ್ಬರ, ಜಿಡ್ಡು ತೇಲುವ ಭೇದಿ, ವರ್ಷಗಳ ಮೇಲೆ ತೂಕ ಇಳಿತ, ರಕ್ತಹೀನತೆ, ಕೈಕಾಲು ಜುಮುಗುಟ್ಟುವುದು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಇದರ ಕಾರಣ ತಿಳಿಯಬೇಕಾದರೆ ಆಮ್ಲ ಮಾಡುವ ಇನ್ನೊಂದು ಕೆಲಸ ನೋಡಬೇಕು. ಜಠರದ ಆಮ್ಲ ಅನ್ನ ಕರಗಿಸುವುದಕ್ಕಷ್ಟೇ ಇರುವುದಲ್ಲ. ಅದು ಹಳೆಯ ಊರುಗಳ ಅಗಸಿ ಬಾಗಿಲಿನಂತೆ: ಬಾಯಿಂದ ಒಳಬಂದ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಹಾಗಾಗಿ ಆರೋಗ್ಯವಂತರ ಸಣ್ಣ ಕರುಳಿನ ಮೇಲ್ಭಾಗದ ಒಂದು ಮಿಲಿಲೀಟರ್ ರಸದಲ್ಲಿ ಸಾವಿರದ ಆಸುಪಾಸಿನಷ್ಟೇ ಬ್ಯಾಕ್ಟೀರಿಯಾ ಇರುತ್ತವೆ. ಅದೇ ದೊಡ್ಡ ಕರುಳಿನಲ್ಲಿ ಒಂದು ಗ್ರಾಮಿಗೆ ಹತ್ತು ಸಾವಿರ ಕೋಟಿಗೂ ಮಿಗಿಲು. ದೊಡ್ಡ ಕರುಳಿನಲ್ಲಿ ಅವು ನಮಗೆ ನೆರವಾಗುತ್ತವೆ. ಸಣ್ಣ ಕರುಳಿಗೆ ಏರಿ ಬಂದು ಗುಂಪುಗೂಡಿದರೆ ಕಾಟ. ನಾವು ಉಂಡ ಸಕ್ಕರೆಯನ್ನು ನಮಗಿಂತ ಮೊದಲೇ ಹುಳಿಸಿ ಗ್ಯಾಸ್ ಎಬ್ಬಿಸುತ್ತವೆ, ಬಿ12 ಜೀವಸತ್ವವನ್ನು ಕಸಿಯುತ್ತವೆ, ಪಿತ್ತರಸದ ಲವಣಗಳನ್ನು ಒಡೆದು ಕೊಬ್ಬು ಜೀರ್ಣವಾಗದಂತೆ ಮಾಡುತ್ತವೆ. ವೈದ್ಯರು ಇದನ್ನು ಸಣ್ಣ ಕರುಳಿನ ಬ್ಯಾಕ್ಟೀರಿಯಾ ಅತಿವೃದ್ಧಿ, ಚಿಕ್ಕದಾಗಿ ಸಿಬೊ ಎನ್ನುತ್ತಾರೆ. ಅಲ್ಸರ್ ಶಸ್ತ್ರಚಿಕಿತ್ಸೆ ಎರಡು ಕಡೆಯಿಂದ ಇದಕ್ಕೆ ದಾರಿ ಮಾಡಿಕೊಟ್ಟಿತು. ಆಮ್ಲ ತಗ್ಗಿತು, ಬದಿಗಿಟ್ಟ ಕರುಳಿನ ಕುರುಡು ತುಣುಕಿನಲ್ಲಿ ರಸ ನಿಂತು, ನಿಂತ ರಸದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿದವು. ಹುಣ್ಣು ವಾಸಿಮಾಡಲು ತೆರೆದ ದಾರಿಯಲ್ಲೇ ಮತ್ತೊಂದು ರೋಗ ನುಗ್ಗಿತು. ಆ ಕಾಲದ ಶಸ್ತ್ರವೈದ್ಯರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ದಾರಿ ಮುಚ್ಚಿ ಹಸಿವಿನಿಂದ ಸಾಯುತ್ತಿದ್ದವನನ್ನು ಉಳಿಸಲು ಅವರ ಕೈಯಲ್ಲಿದ್ದದ್ದು ಅದೊಂದೇ.

ಇದೇ ಹೊತ್ತಿಗೆ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಇನ್ನೊಂದು ತನಿಖೆ ನಡೆದಿತ್ತು. 1960ರಿಂದ 62ರವರೆಗೆ ಉತ್ತರ ಆರ್ಕಾಟಿನ ಹಳ್ಳಿಗಳಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಭೇದಿರೋಗ ಸಾಂಕ್ರಾಮಿಕವಾಗಿ ಹಬ್ಬಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಭೇದಿ ನಿಂತರೂ ಮೈ ಚೇತರಿಸುತ್ತಿರಲಿಲ್ಲ. ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಥಾನ್ ಮನೆಮನೆಗೆ ಹೋಗಿ ದಾಖಲಿಸಿದರು, ರೋಗಿಗಳ ಸಣ್ಣ ಕರುಳಿನ ರಸ ತೆಗೆದು ಪರೀಕ್ಷಿಸಿದರು. ಅಲ್ಲಿ ಇರಬಾರದಷ್ಟು ಬ್ಯಾಕ್ಟೀರಿಯಾ ಇದ್ದವು. ಟೆಟ್ರಾಸೈಕ್ಲಿನ್, ಫೋಲಿಕ್ ಆಮ್ಲ, ಬಿ12 ಕೊಟ್ಟರೆ ಹಲವರು ಸುಧಾರಿಸುತ್ತಿದ್ದರು. ಆದರೆ ಅವರನ್ನು ಯೋಚನೆಗೆ ಹಚ್ಚಿದ್ದು ಬೇರೆಯೇ ಸಂಗತಿ. ರೋಗವೇ ಇಲ್ಲದ ಹಳ್ಳಿಗರ ಕರುಳಿನಲ್ಲೂ ಪಾಶ್ಚಾತ್ಯರಿಗಿಂತ ಹೆಚ್ಚು ಸೂಕ್ಷ್ಮಜೀವಿಗಳಿದ್ದವು, ಅನ್ನಸಾರ ಹೀರುವ ಒಳಪದರ ಸವೆದಿತ್ತು.

ಇದು ಜನಾಂಗದ ಗುಣವೋ, ನೆಲದ ಗುಣವೋ? ಅಂದಿನ ಪೂರ್ವ ಪಾಕಿಸ್ತಾನಕ್ಕೆ ಬಂದಿದ್ದ ಅಮೆರಿಕನ್ ಪೀಸ್ ಕೋರ್ ಸ್ವಯಂಸೇವಕರ ಕರುಳುಗಳು ಉತ್ತರ ಕೊಟ್ಟವು. ಬಂದು ಕೆಲವು ತಿಂಗಳಲ್ಲಿ ಅವರಲ್ಲೂ ಅದೇ ಸವೆತ ಕಾಣಿಸಿತು, ತಮ್ಮ ದೇಶಕ್ಕೆ ಮರಳಿದ ಮೇಲೆ ಮೆಲ್ಲಗೆ ಸರಿಹೋಯಿತು. ಯಾರ ಮೈಯಲ್ಲಿ ಯಾವ ರಕ್ತವಿದೆ ಎಂಬುದಕ್ಕಿಂತ ಅವರು ಯಾವ ನೀರು ಕುಡಿಯುತ್ತಿದ್ದಾರೆ, ಶೌಚಕ್ಕೆ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದೇ ಕರುಳಿನ ಹಣೆಬರಹ ಬರೆಯುತ್ತಿತ್ತು.

ಇತ್ತ ಅಲ್ಸರ್ ಕಥೆ ಇದ್ದಕ್ಕಿದ್ದಂತೆ ತಿರುಗಿತು. ಆಸ್ಟ್ರೇಲಿಯಾದ ಪರ್ತ್ ನಗರದ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರೆನ್ ಎಂಬ ಪೆಥಾಲಜಿಸ್ಟ್ 1979ರಿಂದಲೇ ಜಠರದ ಚೂರುಗಳಲ್ಲಿ ತಿರುಪಿನಾಕಾರದ ಬ್ಯಾಕ್ಟೀರಿಯಾಗಳನ್ನು ಕಾಣುತ್ತಿದ್ದ. ಅಷ್ಟು ಪ್ರಬಲ ಆಮ್ಲದಲ್ಲಿ ಯಾವ ಜೀವಿಯೂ ಬದುಕದು ಎಂಬುದು ಎಲ್ಲರ ನಂಬಿಕೆ, ಹಾಗಾಗಿ ಯಾರೂ ಕಿವಿಗೊಡಲಿಲ್ಲ. ಯುವ ವೈದ್ಯ ಬ್ಯಾರಿ ಮಾರ್ಷಲ್ ಜೊತೆಯಾದ. ಪ್ರಯೋಗಾಲಯದ ತಟ್ಟೆಗಳಲ್ಲಿ ಎರಡು ದಿನ ಏನೂ ಬೆಳೆಯದಿದ್ದರೆ ಎಸೆಯುವುದು ವಾಡಿಕೆ. 1982ರ ಈಸ್ಟರ್ ರಜೆಯಲ್ಲಿ ಎಸೆಯದೆ ಬಿಟ್ಟ ತಟ್ಟೆಯಲ್ಲಿ ಆ ಜೀವಿ ಬೆಳೆದು ನಿಂತಿತ್ತು. ಅದು ನಿಧಾನವಾಗಿ ಬೆಳೆಯುವಂಥದ್ದು, ಅಷ್ಟೇ. 1984ರಲ್ಲಿ ಮಾರ್ಷಲ್ ಅದರ ಕಲ್ಚರನ್ನು ತಾನೇ ಕುಡಿದ. ಕೆಲವೇ ದಿನಗಳಲ್ಲಿ ವಾಂತಿ, ಜಠರದ ಉರಿಯೂತ. ಇಂದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಕರೆಯುವ ಈ ಜೀವಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ಆ ಹೊದಿಕೆಯೊಳಗೆ ಕುಳಿತು ಆಮ್ಲದಿಂದ ಪಾರಾಗುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಜಠರದ ಕ್ಯಾನ್ಸರ್ ತರುವ ಕಾರಣಗಳ ಪಟ್ಟಿಗೆ ಸೇರಿಸಿತು. 2005ರಲ್ಲಿ ವಾರೆನ್, ಮಾರ್ಷಲ್ ಇಬ್ಬರಿಗೂ ನೊಬೆಲ್.

ಒಂದೆರಡು ವಾರದ ಆಂಟಿಬಯಾಟಿಕ್ಕಿನಿಂದ ಹುಣ್ಣು ಮಾಯುತ್ತದೆ, ಮರಳುವುದೂ ಅಪರೂಪ ಎಂದಾದ ಮೇಲೆ ಜಠರ ಕತ್ತರಿಸುವ ಆ ಇಡೀ ಯುಗ ಮುಗಿಯಿತು.

ಮೈಸೂರಿನ ಟೋವಿ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಲಂಡನ್ನಿನ ಮೈಕೆಲ್ ಹಾಬ್ಸ್ಲಿ ಜೊತೆ 1999ರಲ್ಲಿ ಬರೆದ ಲೇಖನದಲ್ಲಿ ಅವರು ಎತ್ತಿದ ಪ್ರಶ್ನೆಗೆ ಇಂದಿಗೂ ತೂಕವಿದೆ. ಈ ಸೋಂಕು ಭಾರತದ ಉದ್ದಗಲಕ್ಕೂ ಇದೆ, ಹುಣ್ಣು ಮಾತ್ರ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ; ಸೋಂಕೊಂದೇ ಕಾರಣವಾದರೆ ಈ ವ್ಯತ್ಯಾಸವೇಕೆ? ಹೌದು, ಬಾಲ್ಯದಲ್ಲೇ ಈ ಜೀವಿಯನ್ನು ಹೊಟ್ಟೆಗಿಳಿಸಿಕೊಳ್ಳುವ ಭಾರತೀಯರಲ್ಲಿ ಹೆಚ್ಚಿನವರಿಗೆ ಹುಣ್ಣೇ ಆಗುವುದಿಲ್ಲ. ಊಟ, ತಂಬಾಕು, ನೋವಿನ ಮಾತ್ರೆಗಳು, ಜೀವಿಯ ತಳಿ ಎಲ್ಲಕ್ಕೂ ಪಾಲಿದೆ. ಸೋಂಕು ಜಠರದ ಯಾವ ಭಾಗದಲ್ಲಿ ನೆಲೆಯೂರುತ್ತದೆ ಎಂಬುದಕ್ಕೆ ಇನ್ನೂ ದೊಡ್ಡ ಪಾಲು. ಕೆಳತುದಿಯಲ್ಲಿ ನೆಲೆಸಿದರೆ ಆಮ್ಲ ಹೆಚ್ಚಿ ಹುಣ್ಣಾಗುತ್ತದೆ. ಮೇಲಿನ ದೊಡ್ಡ ಭಾಗಕ್ಕೆ ಹಬ್ಬಿ ವರ್ಷಗಟ್ಟಲೆ ಉಳಿದರೆ ಆಮ್ಲ ಮಾಡುವ ಗ್ರಂಥಿಗಳೇ ಸಾಯುತ್ತವೆ. ಹಿಂದೆ ಶಸ್ತ್ರವೈದ್ಯನ ಚಾಕು ಮಾಡುತ್ತಿದ್ದುದನ್ನು ಈ ಜೀವಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ.

ಜಠರದ ಸೋಂಕಿಗೂ ಸಣ್ಣ ಕರುಳಿನ ಅತಿವೃದ್ಧಿಗೂ ನಂಟು ಬೀಳುವುದು ಇಲ್ಲಿ. ಆಮ್ಲ ಸೊರಗಿದರೆ ಬಾಯಿಂದ ಬಂದ ಜೀವಿಗಳು ಬದುಕಿ ಕೆಳಗಿಳಿಯುತ್ತವೆ. ಈ ನಂಟು ಎಲ್ಲರಲ್ಲೂ ಒಂದೇ ತೆರನಾಗಿಲ್ಲ. ಕೆಲವು ಅಧ್ಯಯನಗಳಲ್ಲಿ ಎದ್ದು ಕಂಡಿದೆ, ಕೆಲವುಗಳಲ್ಲಿ ಮಸುಕಾಗಿದೆ. ಸಿಬೊಗೆ ಸಕ್ಕರೆ ಕಾಯಿಲೆ, ಕರುಳಿನ ಕ್ಷಯದಿಂದ ಆದ ಕಿರಿದಾಗುವಿಕೆ, ಕರುಳಿನ ಚಲನೆ ನಿಧಾನವಾಗುವುದು ಮುಂತಾದ ಬೇರೆ ಕಾರಣಗಳೂ ಇವೆ. ಲಖನೌದಲ್ಲಿ ಉದಯ ಘೋಷಾಲ್ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಳ ಕಾಲ ಕೆಲಸ ಮಾಡಿದರು. ಸಿಬೊ ಪತ್ತೆಗೆ ಗ್ಲೂಕೋಸ್ ಕುಡಿಸಿ ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಸರಳ ಪರೀಕ್ಷೆಯೂ ಇದೆ. ಆಮ್ಲ ಕುಗ್ಗಿದಾಗ ರೋಗಾಣು ಎಷ್ಟು ಸುಲಭಕ್ಕೆ ಒಳನುಗ್ಗುತ್ತದೆ ಎಂಬುದಕ್ಕೆ ಕಾಲರಾ ಪ್ರಯೋಗಗಳೇ ಸಾಕ್ಷಿ: ಸೋಡಾ ಪುಡಿ ಕುಡಿಸಿ ಆಮ್ಲ ತಣಿಸಿದ ಸ್ವಯಂಸೇವಕರಿಗೆ ತೀರಾ ಕಡಿಮೆ ರೋಗಾಣುಗಳಿಂದಲೇ ರೋಗ ಬಂತು. ದೆಹಲಿಯಲ್ಲಿ ಎಂ. ಕೆ. ಭಾನ್ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹತ್ತಿರದ್ದು. ಪೈಲೊರಿ ಸೋಂಕಿದ್ದವರಿಗೆ ಟೈಫಾಯ್ಡ್ ತಗಲುವ ಅಪಾಯ ಹೆಚ್ಚು ಎಂದು ಅದು ತೋರಿಸಿತು.

ಟೈಫಾಯ್ಡ್ ಎಂದೊಡನೆ ಕಥೆ ಹುಬ್ಬಳ್ಳಿ-ಧಾರವಾಡದ ನಳಕ್ಕೆ ಬರುತ್ತದೆ.

ಅವಳಿ ನಗರದ ನೀರಿನ ಕಷ್ಟ ಹೊಸದಲ್ಲ. ಉಣಕಲ್ ಕೆರೆ ಸಾಲದಾಯಿತು, ನೀರಸಾಗರ ಕಟ್ಟಿದರು, ಅದೂ ಸಾಲದೆ ಸವದತ್ತಿ ಕಡೆಯ ಮಲಪ್ರಭೆಯಿಂದ ತಂದರು. ಆದರೂ ನಳ ಬರುತ್ತಿದ್ದುದು ಕೆಲವು ದಿನಗಳಿಗೊಮ್ಮೆ, ಕೆಲವೇ ತಾಸು. ನಳ ಬಂದ ದಿನ ಕೆಲಸಕ್ಕೆ ರಜೆ ಹಾಕಿ ಕೊಡ, ಹಂಡೆ, ಬ್ಯಾರಲ್ ತುಂಬಿಸಿಕೊಳ್ಳುವುದು ಇಲ್ಲಿನ ಹೆಣ್ಣುಮಕ್ಕಳ ಬದುಕಿನ ಭಾಗವಾಗಿತ್ತು. ವಿಶ್ವಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಿಗೆ 2008ರ ಹೊತ್ತಿಗೆ 24 ಗಂಟೆ ನೀರು ಹರಿಯತೊಡಗಿತು. ಅವಳಿ ನಗರದಲ್ಲಿ ಇದು ದಕ್ಕಿದ್ದು ಜನಸಂಖ್ಯೆಯ ಹತ್ತರಲ್ಲೊಂದು ಪಾಲಿಗೆ. ಒಂದೇ ಊರು, ಒಂದೇ ಮೂಲದ ನೀರು, ಎರಡು ಬಗೆಯ ಪೂರೈಕೆ. ಇಂಥ ಅವಕಾಶ ಸಂಶೋಧಕರಿಗೆ ಜಗತ್ತಿನಲ್ಲೇ ವಿರಳ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಒಂದು ವರ್ಷ ಕಾಲ ಇಲ್ಲಿನ ಜಲಾಗಾರ, ನಳ, ಮನೆಯ ಕೊಡಗಳಿಂದ ನೀರಿನ ಮಾದರಿ ತೆಗೆದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರೂ ಓದಬೇಕಾದದ್ದು. ಜಲಾಗಾರದಲ್ಲಿ ಎರಡೂ ಕಡೆಯ ನೀರು ಒಂದೇ ಮಟ್ಟದ್ದು. ನಳಕ್ಕೆ ಬರುವಷ್ಟರಲ್ಲಿ ಅಜಗಜಾಂತರ. ಮಲದ ಸೋಂಕಿನ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ 24 ಗಂಟೆ ನೀರಿನ ನಳಗಳ ಮಾದರಿಗಳಲ್ಲಿ ಶೇ 0.7ರಲ್ಲಿ ಸಿಕ್ಕರೆ, ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ಶೇ 31.7ರಲ್ಲಿ. ಪೈಪು ಖಾಲಿ ಇದ್ದಾಗ ಒತ್ತಡ ಇರದು. ಬಿರುಕುಗಳಿಂದ ಸುತ್ತಲಿನ ಕೊಳಕು ಒಳಗೆ ಜಿನುಗುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ನಳ ಬಂದೊಡನೆ ಹರಿಯುವ ಮೊದಲ ನೀರೇ ಹೆಚ್ಚು ಕೆಟ್ಟದ್ದು ಎಂಬುದನ್ನೂ ಅವರು ಅಳೆದು ತೋರಿಸಿದರು. ಮನೆಯಲ್ಲಿ ತುಂಬಿಟ್ಟ ನೀರು ಎರಡೂ ಕಡೆ ನಳದ ನೀರಿಗಿಂತ ಕೆಟ್ಟಿತ್ತು. ದಿನವಿಡೀ ನೀರಿದ್ದ ಮನೆಗಳಲ್ಲೂ ಬಹುಪಾಲು ಜನ ಕುಡಿಯುವ ನೀರನ್ನು ತುಂಬಿಡುವುದನ್ನು ಬಿಟ್ಟಿರಲಿಲ್ಲ. ಅದು ಜನರ ಮೊಂಡುತನವೆನ್ನಲಾಗದು. ದಶಕಗಳ ಕಾಲ ಕೈಕೊಟ್ಟ ನಳವನ್ನು ಒಂದೆರಡು ವರ್ಷದಲ್ಲಿ ನಂಬುವುದು ಯಾರಿಗೂ ಕಷ್ಟ.

ಅಯ್ಶೆ ಎರ್ಜುಮೆನ್ ನೇತೃತ್ವದ ತಂಡ ಇಲ್ಲಿಯೇ ಚಿಕ್ಕ ಮಕ್ಕಳಿದ್ದ 3,922 ಮನೆಗಳನ್ನು ಹೋಲಿಸಿ 2015ರಲ್ಲಿ ಆರೋಗ್ಯದ ಲೆಕ್ಕ ಕೊಟ್ಟಿತು. ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ 24 ಗಂಟೆ ನೀರಿದ್ದ ಕಡೆ ಟೈಫಾಯ್ಡ್ ಬಂದ ಮನೆಗಳು ಶೇ 42ರಷ್ಟು ಕಡಿಮೆ. ಬಡವರ ಮನೆಯ ಮಕ್ಕಳಲ್ಲಿ ರಕ್ತಭೇದಿ ಶೇ 37ರಷ್ಟು ಕಡಿಮೆ. ಲಾಭ ಹೆಚ್ಚು ಸಿಕ್ಕಿದ್ದು ಅದು ಹೆಚ್ಚು ಬೇಕಾಗಿದ್ದವರಿಗೆ.

ಈ ಅಧ್ಯಯನ ಪೈಲೊರಿಯನ್ನಾಗಲಿ ಸಿಬೊವನ್ನಾಗಲಿ ಅಳೆಯಲಿಲ್ಲ. ಆದರೆ ವೆಲ್ಲೂರಿನ ಹಳ್ಳಿಗಳ ಕರುಳು, ದೆಹಲಿಯ ಟೈಫಾಯ್ಡ್, ಹುಬ್ಬಳ್ಳಿಯ ನಳ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಇವು ಬೇರೆ ಬೇರೆ ಕಥೆಗಳೆನಿಸುವುದಿಲ್ಲ. ಮಗು ಬಾಲ್ಯದಲ್ಲಿ ಮನೆಯವರಿಂದಲೋ ಕೊಳಕು ನೀರಿನಿಂದಲೋ ಜಠರದ ಸೋಂಕು ಪಡೆಯುತ್ತದೆ. ಕೆಲವರಲ್ಲಿ ಅದು ಆಮ್ಲವನ್ನು ಕುಂದಿಸುತ್ತದೆ. ಕುಂದಿದ ಆಮ್ಲವನ್ನು ದಾಟಿ ಅದೇ ನಳದ ಇತರ ಜೀವಿಗಳು ಕರುಳಿಗಿಳಿಯುತ್ತವೆ.

ಈಗ ಇದಕ್ಕೆ ನಮ್ಮ ಕೈಯಾರೆ ಇನ್ನೊಂದನ್ನು ಸೇರಿಸಿದ್ದೇವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಗುಳಿಗೆಗಳು ಬೇಕಾದವರಿಗೆ ವರದಾನ. ರಕ್ತ ಕಾರುವ ಹುಣ್ಣಿನ ಚಿಕಿತ್ಸೆಯಲ್ಲಿ ಅವಕ್ಕೆ ಇಂದು ಮುಖ್ಯ ಪಾತ್ರವಿದೆ. ಆದರೆ ವೈದ್ಯರ ಚೀಟಿಯಿಲ್ಲದೆ, ಗ್ಯಾಸ್ಟ್ರಿಕ್ ಎಂದು ತಾವೇ ತೀರ್ಮಾನಿಸಿ, ಬೆಳಗ್ಗೆ ಚಹಾಕ್ಕೆ ಮೊದಲು ವರ್ಷಗಟ್ಟಲೆ ಅವನ್ನು ನುಂಗುವವರು ಊರ ತುಂಬ ಇದ್ದಾರೆ. ಈ ಗುಳಿಗೆಗಳ ಸೇವನೆಗೂ ಸಣ್ಣ ಕರುಳಿನ ಅತಿವೃದ್ಧಿಯ ಅಪಾಯಕ್ಕೂ ನಂಟಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿದ 2013ರ ವಿಶ್ಲೇಷಣೆ ಹೇಳಿದೆ. ಉಬ್ಬರಕ್ಕೆಂದು ನುಂಗಿದ ಗುಳಿಗೆಯೇ ಉಬ್ಬರ ತರಬಹುದು.

ತಿಂಗಳುಗಟ್ಟಲೆ ಹೊಟ್ಟೆ ಉರಿ, ಉಬ್ಬರ ಇದ್ದವರು ಅಂಗಡಿಯ ಗುಳಿಗೆಯಲ್ಲೇ ಕಾಲ ಕಳೆಯದೆ ವೈದ್ಯರ ಬಳಿ ಹೋಗಿ ಪೈಲೊರಿ ಪರೀಕ್ಷೆ ಕೇಳಲಿ. ಆಂಟಿಬಯಾಟಿಕ್ ಕೊಟ್ಟರೆ ನಡುವೆ ಬಿಡದೆ ಪೂರ್ತಿ ಮುಗಿಸಲಿ. ಭಾರತದಲ್ಲಿ ಈ ಜೀವಿ ಹಲವು ಔಷಧಗಳಿಗೆ ಈಗಾಗಲೇ ಬಗ್ಗುತ್ತಿಲ್ಲ. ತೂಕ ಇಳಿದರೆ, ಮಲ ಕಪ್ಪಾದರೆ ಒಂದು ದಿನವೂ ತಡಮಾಡುವುದು ಬೇಡ. ನಳ ಬಂದ ದಿನ ಮೊದಲ ಕೆಲವು ನಿಮಿಷದ ನೀರು ಗಿಡಕ್ಕೆ, ಅಂಗಳಕ್ಕೆ ಹೋಗಲಿ. ಉಳಿದ ವಾರ್ಡುಗಳಿಗೂ ದಿನವಿಡೀ ನೀರು ತಲುಪಿಸುವುದಾಗಿ ಕೊಟ್ಟ ಮಾತನ್ನು ಮಹಾನಗರ ಪಾಲಿಕೆ ರಸ್ತೆ ಅಗೆತದ ಕಾಮಗಾರಿಯೆಂದು ಎಣಿಸದೆ ಆರೋಗ್ಯದ ಕೆಲಸವೆಂದು ಎಣಿಸಲಿ. ಜಲಾಗಾರದಲ್ಲಷ್ಟೇ ಅಲ್ಲದೆ ಮನೆಯ ನಳದ ತುದಿಯಲ್ಲೂ ನೀರು ಪರೀಕ್ಷಿಸಿ, ಫಲಿತಾಂಶವನ್ನು ವಾರ್ಡ್‌ವಾರು ಪ್ರತಿ ತಿಂಗಳು ಜನರ ಮುಂದಿಡಲಿ.